ಇಸಿಎಂ ಹೋಗೈತಿ ಅಂದ್ರೆ ಕೂಡಲೇ ಕೊಳ್ಳಬೇಡಿ

ನಾನು ಓದಿದ್ದು ಏಳನೇ ಕ್ಲಾಸು. ಎತ್ತು ಕುಂಟಿದರೆ, ಟ್ರ್ಯಾಕ್ಟರಿನ ನಾಜಲ್ ಕಟ್ಟಿದರೆ ಏನು ಮಾಡಬೇಕು ಅಂತ ಗೊತ್ತು. ಗಾಡಿಯೊಳಗೆ ಒಂದು ಕಂಪ್ಯೂಟರ್ ಇರುತ್ತದೆ, ಅದೂ ಕೆಡುತ್ತದೆ ಎಂಬುದು ಗೊತ್ತಾಗಿದ್ದು 2023ರ ನವೆಂಬರಿನಲ್ಲಿ. ಆಗ ಎಪ್ಪತ್ತು ಚೀಲ ಉಳ್ಳಾಗಡ್ಡಿ ಕಣದಲ್ಲಿ ಕೂತಿತ್ತು. ನಾನು ಕಳೆದುಕೊಂಡ ದುಡ್ಡು ಇನ್ನೊಬ್ಬ ರೈತ ಕಳೆದುಕೊಳ್ಳದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮೈಲಾರದ ಹತ್ತಿರದ ಒಂದು ಹಳ್ಳಿ. ಏಳು ಎಕರೆ ಹೊಲ, ಮಳೆ ಬಂದರೆ ಬೆಳೆ. 2021ರಲ್ಲಿ ಸಾಲ ಮಾಡಿ ಒಂದು ಹಳೇ ಡೀಸೆಲ್ ಪಿಕಪ್ ಗಾಡಿ ಕೊಂಡೆ. 2017ರ ಮಾಡೆಲ್ಲು. ನಮ್ಮ ಮಾಲು ಹೊರುವುದರ ಜೊತೆಗೆ ಓಣಿಯ ನಾಲ್ಕು ಜನರ ಮಾಲೂ ಹೊತ್ತರೆ ಕಂತು ಕಟ್ಟಬಹುದು ಎಂಬ ಲೆಕ್ಕ. ಎರಡು ವರ್ಷ ಹಾಗೇ ನಡೆಯಿತು.

2023 ಬರದ ವರ್ಷ. ಮೆಕ್ಕೆಜೋಳ ತೆನೆ ಕಟ್ಟಲಿಲ್ಲ. ಪಕ್ಕದ ಹೊಲದವರನ್ನು ಕಾಡಿ ಬೇಡಿ, ಅವರ ಬೋರಿನ ನೀರಲ್ಲಿ ಒಂದೂವರೆ ಎಕರೆ ಉಳ್ಳಾಗಡ್ಡಿ ಉಳಿಸಿಕೊಂಡಿದ್ದೆ. ಎಲ್ಲರ ಬೆಳೆ ಹೋದ ವರ್ಷ ಉಳಿದವನಿಗೆ ರೇಟು ಸಿಗುತ್ತದೆ. ಆ ವರ್ಷವೂ ಸಿಕ್ಕಿತ್ತು. ಆದರೆ ಗಾಡಿ ನಿಂತಿತು.

ಆಯುಧಪೂಜೆಯ ನೀರು

ತಪ್ಪು ನಮ್ಮದೇ. ಅಕ್ಟೋಬರ್ 23ಕ್ಕೆ ಆಯುಧಪೂಜೆ. ಮಗ ಬಾನೆಟ್ ಎತ್ತಿ, ಬೋರಿನ ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿದು ಇಂಜಿನ್ನಿನ ಮೇಲೆಲ್ಲಾ ನೀರು ಹೊಡೆದ. ಎಣ್ಣೆ ಜಿಡ್ಡು ಹೋಗಿ ಇಂಜಿನ್ ಫಳಫಳ ಅಂದಿತು. ಕುಂಬಳಕಾಯಿ ಒಡೆದೆವು. ಬ್ಯಾಟರಿಯ ಪಕ್ಕದಲ್ಲಿ ರೊಟ್ಟಿಯ ಅಗಲದ ಒಂದು ಅಲ್ಯೂಮಿನಿಯಂ ಡಬ್ಬ, ಅದಕ್ಕೆ ಎರಡು ದೊಡ್ಡ ಸಾಕೆಟ್ಟು, ನೂರಾರು ವೈರು. ಅದರ ಮೇಲೂ ನೀರು ಬಿತ್ತು. ಆ ಡಬ್ಬಕ್ಕೇ ಇಸಿಎಂ ಅನ್ನುತ್ತಾರೆ, ಕೆಲವರು ಇಸಿಯು ಅನ್ನುತ್ತಾರೆ. ಎರಡೂ ಒಂದೇ. ಕೆಲವು ಗಾಡಿಗಳಲ್ಲಿ ಇದು ಸೀಟಿನ ಕೆಳಗೆ ಇರುತ್ತದೆ.

ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಹಡಗಲಿ ರಸ್ತೆಯಲ್ಲಿ, ಮಧ್ಯಾಹ್ನ ಒಂದರ ಬಿಸಿಲಿಗೆ, ಓಡುತ್ತಿದ್ದ ಗಾಡಿ ಬೆಂಕಿಗೆ ನೀರು ಹಾಕಿದಂತೆ ಆಫ್ ಆಯಿತು. ಜಗ್ಗಲಿಲ್ಲ, ಕೆಮ್ಮಲಿಲ್ಲ. ಮುಂದಿನ ಮೀಟರಿನಲ್ಲಿ ಇಂಜಿನ್ ವೇಗ ತೋರಿಸುವ ಮುಳ್ಳು ಸೊನ್ನೆಗೆ ಬಿತ್ತು. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹಿಡಿಯುವುದಿಲ್ಲ. ಜಾಲಿ ನೆರಳಲ್ಲಿ ಅರ್ಧ ಗಂಟೆ ಕೂತು ಮತ್ತೆ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಬೆಳಿಗ್ಗೆ ಸರಿ, ರಾತ್ರಿ ಸರಿ, ಬಿಸಿಲೇರಿದ ಮೇಲೆ ಬಂದ್. ಈ ಲಕ್ಷಣ ನೆನಪಿಡಿ. ಪೂರಾ ಸತ್ತ ಡಬ್ಬಕ್ಕಿಂತ ಹೀಗೆ ಸಾಯುತ್ತಾ ಬದುಕುತ್ತಾ ಇರುವ ಡಬ್ಬ ನಮ್ಮಿಂದ ಹೆಚ್ಚು ದುಡ್ಡು ಕೀಳುತ್ತದೆ.

ಈ ಡಬ್ಬ ಏನು ಮಾಡುತ್ತದೆ

ನಮ್ಮ ಹಳೇ ಟ್ರ್ಯಾಕ್ಟರಿನ ಮೈಕೋ ಪಂಪು ಎಲ್ಲರಿಗೂ ಗೊತ್ತು. ಮೈಕೋ ಅಂದರೆ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ. 2008ರಿಂದ ಅದರ ಹೆಸರು ಬಾಷ್ ಅಂತಲೇ ಆಗಿದೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಮೈಕೋನೇ. ಆ ಪಂಪು ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಕೂರಿಗೆ ಇದ್ದ ಹಾಗೆ. ಗಾಲಿ ತಿರುಗಿತು, ಗೇರು ತಿರುಗಿತು, ಬೀಜ ಬಿತ್ತು. ನೆಲ ಹಸಿಯೋ ಒಣದೋ ಅದಕ್ಕೆ ಗೊತ್ತಿಲ್ಲ.

ಇಸಿಎಂ ಇರುವ ಗಾಡಿ ಎತ್ತಿನ ಕೂರಿಗೆಯ ಹಿಂದೆ ಬೀಜ ಬಿಡುವ ಹೆಣ್ಣುಮಗಳಿದ್ದ ಹಾಗೆ. ಹದ ನೋಡುತ್ತಾಳೆ, ಎತ್ತಿನ ನಡಿಗೆ ನೋಡುತ್ತಾಳೆ, ಬಟ್ಟಲಿಗೆ ಬೆರಳ ಸಂದಿಯಿಂದ ಎಷ್ಟು ಬೇಕೋ ಅಷ್ಟೇ ಬಿಡುತ್ತಾಳೆ. ಡಬ್ಬಕ್ಕೆ ಕಣ್ಣು ಅಂದರೆ ಸೆನ್ಸರುಗಳು. ಕ್ರ್ಯಾಂಕ್ ಎಲ್ಲಿ ತಿರುಗುತ್ತಿದೆ, ನೀರು ಎಷ್ಟು ಕಾದಿದೆ, ಪೆಡಲ್ ಎಷ್ಟು ತುಳಿದಿದ್ದೀರಿ, ಡೀಸೆಲ್ ಪೈಪಿನಲ್ಲಿ ಒತ್ತಡ ಎಷ್ಟಿದೆ, ಎಲ್ಲ ನೋಡುತ್ತದೆ. ಬೆರಳು ಅಂದರೆ ಇಂಜೆಕ್ಟರ್. ಹಳೇ ಸಾಮಾನ್ಯ ನಾಜಲ್ಲು ಸುಮಾರು 200 ಬಾರ್ ಒತ್ತಡಕ್ಕೆ ಬಾಯಿ ತೆರೆಯುತ್ತಿತ್ತು. ಈ ಕಾಮನ್ ರೈಲ್ ಇಂಜಿನ್ನಿನಲ್ಲಿ ಒತ್ತಡ 1600 ಬಾರಿನವರೆಗೂ ಹೋಗುತ್ತದೆ. ಅಷ್ಟು ಒತ್ತಡದ ಎಣ್ಣೆಯನ್ನು ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಬಿಡಬೇಕು. ಅದು ಕಬ್ಬಿಣದ ಗೇರಿನ ಕೈಲಿ ಆಗುವ ಕೆಲಸವಲ್ಲ.

ಇದನ್ನು ಯಾಕೆ ತಂದರು ಅಂದರೆ ಹೊಗೆ. ಬಿಎಸ್-4 ನಿಯಮ 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲಾ ಬಂತು, ಬಿಎಸ್-6 ನಿಯಮ 2020ರ ಏಪ್ರಿಲ್‌ನಿಂದ ಬಂತು. 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೂ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದು, ಅವುಗಳಲ್ಲೂ ಈ ಡಬ್ಬ ಸೇರಿಕೊಳ್ಳುತ್ತಿದೆ. ಹೊಸ ಬೈಕುಗಳಲ್ಲಂತೂ ಕಾರ್ಬೊರೇಟರ್ ಹೋಗಿ ಸಣ್ಣ ಇಸಿಎಂ ಬಂದಿದೆ. ಹಾಗಾಗಿ ‘ನಮಗ್ಯಾಕೆ ಇದು’ ಅನ್ನುವ ಕಾಲ ಹೋಯಿತು.

ಸ್ಕ್ಯಾನರಿನ ಕಾರಣಿಕ

ಮೆಕ್ಯಾನಿಕ್ ಹುಡುಗ ಸ್ಕ್ಯಾನರ್ ಚುಚ್ಚಿದ. ಪಿ 0335 ಅಂತ ಬಂತು. ಅದು ಕ್ರ್ಯಾಂಕ್ ಸೆನ್ಸರಿನ ಲೈನಿನಲ್ಲಿ ತೊಂದರೆ ಎಂಬ ಸಂಕೇತ. "ಸೆನ್ಸರ್ ಹೋಗೈತ್ರಿ ಕಾಕಾ" ಅಂದ. 1,800 ರೂಪಾಯಿಗೆ ಹೊಸದು ಹಾಕಿದ. ಅವನನ್ನು ಬೈಯುವಂತಿಲ್ಲ. ಬಿಸಿಯಾದಾಗ ನಿಂತು ತಣ್ಣಗಾದಾಗ ಏಳುವ ಗಾಡಿಯಲ್ಲಿ ಬಹಳ ಸಲ ಕ್ರ್ಯಾಂಕ್ ಸೆನ್ಸರೇ ಕೆಟ್ಟಿರುತ್ತದೆ. ಎರಡು ದಿನ ಓಡಿತು, ಮೂರನೇ ದಿನ ಮತ್ತೆ ನಿಂತಿತು. ಈಗ ಪಿ 0606 ಅಂತ ಇನ್ನೊಂದು ಬಂತು. ಡಬ್ಬದ ಒಳಗಿನ ಮಿದುಳಿನಲ್ಲೇ ತೊಂದರೆ ಎಂದು ಅದರರ್ಥ. "ಹಂಗಾದ್ರೆ ಇಸಿಎಂ ಹೋಗೈತಿ" ಅಂದ.

ನಮ್ಮ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುತ್ತಾನೆ. ಒಂದೇ ಸಾಲು. ಅದನ್ನು ಮಳೆಗೆ ಹಚ್ಚುವವರು ಮಳೆಗೆ ಹಚ್ಚುತ್ತಾರೆ, ರಾಜಕೀಯಕ್ಕೆ ಹಚ್ಚುವವರು ರಾಜಕೀಯಕ್ಕೆ. ಸ್ಕ್ಯಾನರಿನ ನಂಬರೂ ಹಾಗೇ. ಎಲ್ಲಿ ಹುಡುಕಬೇಕು ಎಂದು ಹೇಳುತ್ತದೆಯೇ ಹೊರತು ಯಾವ ಸಾಮಾನು ಕೊಳ್ಳಬೇಕು ಎಂದು ಹೇಳುವುದಿಲ್ಲ. ಬ್ಯಾಟರಿ ಸೊರಗಿದರೂ, ಅರ್ಥಿಂಗ್ ವೈರು ತುಕ್ಕು ಹಿಡಿದರೂ, ಇಲಿ ವೈರು ಕಡಿದರೂ ಡಬ್ಬ ಅಳುತ್ತದೆ. ಅಳುವ ಕೂಸಿಗೆಲ್ಲಾ ಹೊಟ್ಟೆನೋವೇ ಇರುವುದಿಲ್ಲ.

ನಾನು ಆಗ ಇಷ್ಟು ತಿಳಿದವನಲ್ಲ. ಹೊಸ ಡಬ್ಬಕ್ಕೆ 38,000 ರೂಪಾಯಿ, ಬರಲು ಹದಿನೈದು ದಿನ ಅಂದರು. ಇನ್ಶೂರೆನ್ಸಿನಲ್ಲಿ ಬರುತ್ತದೋ ಎಂದು ಕೇಳಿದೆ. ಸಾಮಾನ್ಯ ಪಾಲಿಸಿಯಲ್ಲಿ ಅಪಘಾತವಾದರೆ ಬರುತ್ತದೆ, ತಾನಾಗಿ ಕೆಟ್ಟ ಕರೆಂಟಿನ ಸಾಮಾನಿಗೆ ಬರುವುದಿಲ್ಲ. ಕೊನೆಗೆ ಯಾರೋ ಹೇಳಿದರೆಂದು ಗುಜರಿಯಿಂದ ಅದೇ ಕಂಪನಿಯ, ಅದೇ ಮಾಡೆಲ್ ಗಾಡಿಯ ಡಬ್ಬವನ್ನು 9,500ಕ್ಕೆ ತರಿಸಿದೆ. ಸಾಕೆಟ್ಟು ಸರಿಯಾಗಿ ಕೂತಿತು. ಕೀ ತಿರುವಿದರೆ ಕೀಲಿಯ ಗುರುತಿನ ಕೆಂಪು ದೀಪ ಪಿಳಿಪಿಳಿ ಅನ್ನುತ್ತದೆ. ಇಂಜಿನ್ ಹಿಡಿಯಲಿಲ್ಲ. ಮಾರಿದವನು ವಾಪಸು ತಗೊಳ್ಳಲಿಲ್ಲ.

ಡಬ್ಬ ಬದಲಿಸಿದರೂ ಯಾಕೆ ಏಳಲಿಲ್ಲ

ಇದು ಬಲ್ಬು ಬದಲಿಸಿದ ಹಾಗಲ್ಲ ಎಂಬುದು ಆಗ ತಿಳಿಯಿತು. ಕೀಲಿಯ ಪ್ಲಾಸ್ಟಿಕ್ ಹಿಡಿಕೆಯೊಳಗೆ ಗೋಧಿಕಾಳಿನಷ್ಟು ದೊಡ್ಡ ಒಂದು ಚಿಪ್ಪು ಇರುತ್ತದೆ. ಆ ಚಿಪ್ಪಿನ ಗುಟ್ಟಿನ ನಂಬರು ಡಬ್ಬದ ನೆನಪಿನಲ್ಲಿರುವ ನಂಬರಿಗೆ ಕೂಡಿದರೆ ಮಾತ್ರ ಡಬ್ಬ ಡೀಸೆಲ್ ಬಿಡುತ್ತದೆ. ಕಳ್ಳರು ಬೇರೆ ಕೀಲಿ ಹಾಕಿ ಗಾಡಿ ಒಯ್ಯಬಾರದು ಅಂತ ಈ ವ್ಯವಸ್ಥೆ. ಗುಜರಿಯ ಡಬ್ಬಕ್ಕೆ ನಾನೇ ಕಳ್ಳ.

ಅದೊಂದೇ ಅಲ್ಲ. ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಒಂದು ಸಣ್ಣ ಕೋಡು ಕೊರೆದಿರುತ್ತದೆ. ಎರಡು ಇಂಜೆಕ್ಟರು ಒಂದೇ ಸಮ ಎಣ್ಣೆ ಬಿಡುವುದಿಲ್ಲ, ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸವನ್ನು ಕೋಡು ಹೇಳುತ್ತದೆ, ಡಬ್ಬ ಬರೆದಿಟ್ಟುಕೊಳ್ಳುತ್ತದೆ. ಬೇರೆ ಗಾಡಿಯ ಡಬ್ಬದಲ್ಲಿ ಬೇರೆ ಇಂಜೆಕ್ಟರುಗಳ ಲೆಕ್ಕ ಇರುತ್ತದೆ. ಗಾಡಿ ಎದ್ದರೂ ಬಡಿತ, ಹೊಗೆ, ನಡುಕ.

ಕೊನೆಯದು ನಂಬರು. ಡಬ್ಬಕ್ಕೆ ಅಂಟಿಸಿದ ಚೀಟಿ ಓದಬೇಕು. ಬಾಷ್‌ನ ಡೀಸೆಲ್ ಡಬ್ಬಗಳಿಗೆ 0281ರಿಂದ ಶುರುವಾಗುವ ಹತ್ತು ಅಂಕಿ ಇರುತ್ತವೆ. ಬೇರೆ ಕಂಪನಿಗಳದು ಬೇರೆ ತರ. ಅದರ ಜೊತೆ ಗಾಡಿ ಕಂಪನಿಯ ಇನ್ನೊಂದು ನಂಬರು. ನೋಡಲು ಒಂದೇ ತರದ ಡಬ್ಬ, ಒಂದೇ ತರದ ಸಾಕೆಟ್ಟು ಇದ್ದು ಒಂದು ಅಂಕಿ ಬೇರೆ ಇದ್ದರೆ ಒಳಗಿನ ಜೋಡಣೆ ಬೇರೆ ಇರಬಹುದು. ನಾನು ತರಿಸಿದ್ದರಲ್ಲಿ ಕೊನೆಯ ಎರಡು ಅಂಕಿ ಬೇರೆ ಇದ್ದವು. ನೋಡಿರಲೇ ಇಲ್ಲ.

ಮಲ್ಟಿಮೀಟರ್ ಹಿಡಿದವರು

ಹಗರಿಬೊಮ್ಮನಹಳ್ಳಿ ಕಡೆಯ ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಲಾರಿ ವೈರಿಂಗ್ ಮಾಡಿಕೊಂಡು ಬಂದವರು. ನನ್ನ ಅಳಿಯ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಅವರು ಸ್ಕ್ಯಾನರ್ ತಂದಿರಲೇ ಇಲ್ಲ. ಬೋರಿನ ಸ್ಟಾರ್ಟರ್ ನೋಡಲು ನಾವು ಬಳಸುವಂಥ ಸಾದಾ ಮಲ್ಟಿಮೀಟರ್ ತಂದಿದ್ದರು. "ಏನಪ್ಪಾ, ಡಬ್ಬಕ್ಕೆ ಉಣ್ಣಾಕ ಸರಿಯಾಗಿ ಕೊಟ್ಟೀರೋ ಇಲ್ಲೋ ಮೊದಲು ನೋಡ್ಬೇಕಲ್ಲ?" ಅಂದರು. ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು.

ಮೊದಲು ಬ್ಯಾಟರಿ. ಸುಮ್ಮನೆ ಇದ್ದಾಗ 12.5 ವೋಲ್ಟ್ ತೋರಿಸಿತು. ಅದು ಸಾಲದು, ಸೆಲ್ಫ್ ಹೊಡೆಯುವಾಗ ನೋಡಬೇಕು. ಆಗ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿಯೇ ಕಳ್ಳ. ನಮ್ಮದು ಹತ್ತರ ಮೇಲಿತ್ತು. ಇಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸು ಇರಬೇಕು. ಹದಿನೈದು ದಾಟಿದರೆ ಡೈನಮೋ ಹೆಚ್ಚು ಕರೆಂಟು ತುಂಬುತ್ತಿದೆ. ಅಂಥಲ್ಲಿ ಹೊಸ ಡಬ್ಬ ಹಾಕಿದರೆ ಅದೂ ಸುಡುತ್ತದೆ.

ಆಮೇಲೆ ಅರ್ಥಿಂಗ್. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಇಟ್ಟು ಸೆಲ್ಫ್ ಹೊಡೆಸಿದರು. ಅರ್ಧ ವೋಲ್ಟಿನ ಒಳಗೆ ಇರಬೇಕು. ನಮ್ಮದು ಒಂದೂಕಾಲು ತೋರಿಸಿತು. ಚಾಸಿಗೆ ಬಂದ ಅರ್ಥಿಂಗ್ ವೈರಿನ ಬೋಲ್ಟು ಬಿಚ್ಚಿದರೆ ಹಸಿರು ತುಕ್ಕು. ಉಜ್ಜಿ, ಬಿಗಿದು, ಗ್ರೀಸ್ ಹಚ್ಚಿದರು. ಅವತ್ತು ಸಂಜೆಯವರೆಗೂ ಗಾಡಿ ಓಡಿತು. ನಾನು ಖುಷಿಯಿಂದ ಚಹಾ ತರಿಸಿದೆ. ಅವರು ಕುಡಿದು "ನಾಳಿ ಬಿಸಿಲಿಗೆ ನೋಡೋಣ" ಅಂದರು. ಮರುದಿನ ಬಿಸಿಲಿಗೆ ಮತ್ತೆ ನಿಂತಿತು.

ಈಗ ಬಂತು ನಿಜವಾದ ಪರೀಕ್ಷೆ. ಇಸಿಎಂ ತಾನು ಹನ್ನೆರಡು ವೋಲ್ಟ್ ಉಂಡು, ಸೆನ್ಸರುಗಳಿಗೆ ಐದು ವೋಲ್ಟ್ ಮಾತ್ರ ಕೊಡುತ್ತದೆ. ಒಂದೇ ಐದು ವೋಲ್ಟಿನ ಲೈನು ಮೂರ್ನಾಲ್ಕು ಸೆನ್ಸರುಗಳಿಗೆ ಹಂಚಿರುವುದುಂಟು. ಅದರಲ್ಲಿ ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಇಡೀ ಲೈನೇ ಸೊನ್ನೆಗೆ ಬೀಳುತ್ತದೆ. ಒಬ್ಬ ತೂಬು ಒಡೆದರೆ ಕಾಲುವೆಯ ಕೊನೆಯವನಿಗೆ ನೀರಿಲ್ಲದ ಹಾಗೆ. ನೋಡಿದವರಿಗೆ ಡಬ್ಬ ಸತ್ತಿದೆ ಅನ್ನಿಸುತ್ತದೆ, ತಪ್ಪು ಮಾತ್ರ ಎಂಟುನೂರು ರೂಪಾಯಿ ಸೆನ್ಸರಿನದು.

ಗಾಡಿ ನಿಂತ ಹೊತ್ತಲ್ಲೇ, ಕೀ ಆನ್ ಇಟ್ಟು, ಡೀಸೆಲ್ ಒತ್ತಡ ನೋಡುವ ಸೆನ್ಸರಿನ ಸಾಕೆಟ್ಟು ಬಿಚ್ಚಿ ಮೀಟರ್ ಇಟ್ಟರು. ಐದು ಇರಬೇಕಾದಲ್ಲಿ ಅರ್ಧ ವೋಲ್ಟೂ ಇಲ್ಲ. ಆ ಲೈನಿನ ಉಳಿದ ಸೆನ್ಸರುಗಳ ಸಾಕೆಟ್ಟನ್ನು ಒಂದೊಂದಾಗಿ ಕಳಚುತ್ತಾ ಹೋದರು. ಯಾವುದನ್ನು ಕಳಚಿದಾಗ ಐದು ವೋಲ್ಟ್ ವಾಪಸು ಬರುತ್ತದೋ ಅದೇ ಕೆಟ್ಟ ಸೆನ್ಸರ್. ಎಲ್ಲ ಕಳಚಿದರೂ ಬರಲಿಲ್ಲ. ಡಬ್ಬದಿಂದ ಸೆನ್ಸರಿನವರೆಗೆ ವೈರು ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದೆಯಾ ಎಂದು ನೋಡಿದರು. ತಾಗಿರಲಿಲ್ಲ. ಡಬ್ಬಕ್ಕೆ ಹನ್ನೆರಡು ವೋಲ್ಟ್ ಬರುತ್ತಿದೆ, ಅರ್ಥಿಂಗ್ ಸರಿಯಿದೆ, ಸೆನ್ಸರ್ ಒಂದೂ ಜೋಡಿಸಿಲ್ಲ, ವೈರು ಚೆನ್ನಾಗಿದೆ, ಆದರೂ ಐದು ವೋಲ್ಟ್ ಹೊರಗೆ ಬರುತ್ತಿಲ್ಲ. "ಈಗ ಅನ್ನು ಇಸಿಎಂ ಹೋಗೈತಿ ಅಂತ" ಅಂದರು. ಡಬ್ಬದ ಸಾಕೆಟ್ಟು ಬಿಚ್ಚಿ ತೋರಿಸಿದರು. ಮೂರು ಪಿನ್ನಿಗೆ ಹಸಿರು ಹಿಡಿದಿತ್ತು. ಆಯುಧಪೂಜೆಯ ನೀರು ಸಾಕೆಟ್ಟಿನ ಹಳೇ ರಬ್ಬರು ದಾಟಿ ಒಳಗೆ ಹೋಗಿತ್ತು.

ಡಬ್ಬ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆದು ಹತ್ತು ನಿಮಿಷ ಬಿಡಬೇಕು. ಕೀ ಆನ್ ಇರುವಾಗ ಸಾಕೆಟ್ಟು ಎಳೆದರೆ ಉಳಿದ ಜೀವವೂ ಹೋದೀತು. ಪಿನ್ನುಗಳನ್ನು ಬೆರಳಲ್ಲಿ ಮುಟ್ಟಬಾರದು.

ಹುಬ್ಬಳ್ಳಿಯಲ್ಲಿ

ಡಬ್ಬವನ್ನು ಹಳೇ ಪಂಚೆಯಲ್ಲಿ ಸುತ್ತಿ, ರೊಟ್ಟಿ ಗಂಟಿನ ಜೊತೆ ಇಟ್ಟುಕೊಂಡು ಬಸ್ಸಿಗೆ ಹುಬ್ಬಳ್ಳಿಗೆ ಹೋದೆ. ಗಾಡಿ ಒಯ್ಯಬೇಕಾಗಿಲ್ಲ, ಡಬ್ಬ ಸಾಕು. ಅಲ್ಲಿ ಡಬ್ಬ ರಿಪೇರಿಯನ್ನೇ ಕಸುಬು ಮಾಡಿಕೊಂಡ ಒಬ್ಬ ಹುಡುಗ ಅಂಟು ಕಾಯಿಸಿ ಮುಚ್ಚಳ ತೆಗೆದ. ಒಳಗೆ ಹಸಿರು ಹಲಗೆ, ಅದರ ಒಂದು ಮೂಲೆ ಕರಗಿ ಕಪ್ಪಾಗಿತ್ತು. ಎಷ್ಟೋ ಡಬ್ಬಗಳನ್ನು ಬೆಸುಗೆ ಹಾಕಿ, ಒಂದೆರಡು ಬಿಡಿ ಸಾಮಾನು ಬದಲಿಸಿ ಉಳಿಸಬಹುದಂತೆ. ನಮ್ಮದರಲ್ಲಿ ಹಲಗೆಯ ಒಳಪದರವೇ ತಿಂದುಹೋಗಿತ್ತು. "ಇವತ್ತು ಮಾಡಿಕೊಟ್ರೆ ಮಳೆಗಾಲಕ್ಕ ಮತ್ತ ಬರ್ತೀರಿ, ಬ್ಯಾಡ್ರಿ" ಅಂದ. ಅವನ ಆ ಮಾತು ನನಗೆ ಹಿಡಿಸಿತು.

ಹತ್ತೂ ಅಂಕಿ ಹೊಂದುವ ಬೇರೆ ಹಳೇ ಡಬ್ಬ ಅವನಲ್ಲೇ ಇತ್ತು. ಅದಕ್ಕೆ ಬಿಲ್ಲು ಬರೆಸಿಕೊಂಡೆ. ಕದ್ದ ಗಾಡಿಯ ಸಾಮಾನು ನಮ್ಮ ಕೊರಳಿಗೆ ಬರಬಾರದು ನೋಡಿ. ನನ್ನ ಡಬ್ಬದ ನೆನಪಿನ ಚಿಪ್ಪು ಇನ್ನೂ ಚೆನ್ನಾಗಿತ್ತು. ಅದರಲ್ಲಿದ್ದ ಕೀಲಿಯ ಗುಟ್ಟು, ಚಾಸಿ ನಂಬರು, ಇಂಜೆಕ್ಟರುಗಳ ಲೆಕ್ಕ ಎಲ್ಲವನ್ನೂ ಓದಿಕೊಂಡು ಆ ಇನ್ನೊಂದು ಡಬ್ಬಕ್ಕೆ ಹಾಗೇ ಇಳಿಸಿದ. ಹೊಲದ ಪಹಣಿಯಲ್ಲಿ ಹೆಸರು ಬದಲಾದ ಹಾಗೆ. ಎಲ್ಲ ಸೇರಿ 14,000. "ಪವರ್ ಜಾಸ್ತಿ ಮಾಡಿಕೊಡ್ಲೇನ್ರಿ?" ಅಂತ ಕೇಳಿದ. ಬೇಡ ಅಂದೆ. ಕಂಪನಿ ಕೊಟ್ಟಷ್ಟೇ ಸಾಕು, ಇಂಜಿನ್ ಬಾಳಿಕೆ ನಮಗೆ ಮುಖ್ಯ.

ಗಾಡಿ ವಾರಂಟಿಯಲ್ಲಿ ಇರುವವರು ಈ ದಾರಿಗೆ ಬರಬೇಡಿ, ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗುತ್ತದೆ. ಹೊಸ ಡಬ್ಬವೇ ಕೊಳ್ಳುವುದಾದರೂ ಕೀಲಿ ಹೊಂದಿಸುವುದು, ಇಂಜೆಕ್ಟರ್ ಕೋಡು ಬರೆಯುವುದು ಸೇರಿ ರೇಟು ಎಷ್ಟು ಎಂದು ಮೊದಲೇ ಕೇಳಿ. ಎಷ್ಟು ಕೀಲಿ ಇವೆಯೋ ಎಲ್ಲವನ್ನೂ ಒಯ್ಯಿರಿ.

ಊರಿಗೆ ಬಂದು ಡಬ್ಬ ಕೂರಿಸಿ ಕೀ ತಿರುವಿದೆ. ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಇಂಜಿನ್ ಎದ್ದಿತು. ಅವತ್ತು ಡಿಸೆಂಬರ್ 9. ಹಿಂದಿನ ದಿನವೇ, ಎಂಟನೇ ತಾರೀಖಿಗೆ, ಕೇಂದ್ರ ಸರಕಾರ ಉಳ್ಳಾಗಡ್ಡಿ ರಫ್ತು ನಿಲ್ಲಿಸಿತ್ತು. ರೇಟು ಬಿತ್ತು. ಬಾಡಿಗೆ ಗಾಡಿಯಲ್ಲಿ ಮೊದಲೇ ಕಳಿಸಬಹುದಿತ್ತಲ್ಲಾ ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿಯೂ ಕೇಳಿದಳು. ನಾಳೆ ಸರಿಹೋಗುತ್ತದೆ, ನಾಳೆ ಸರಿಹೋಗುತ್ತದೆ ಎಂದು ಹದಿನೆಂಟು ದಿನ ಕಳೆದೆ. ಕ್ವಿಂಟಲಿಗೆ ಎಷ್ಟು ಕಡಿಮೆ ಬಂತು ಅಂತ ಬರೆಯಲು ಮನಸ್ಸಿಲ್ಲ. ಹೊಸ ಡಬ್ಬದ ರೇಟಿಗಿಂತ ಹೆಚ್ಚೇ.

ಡಬ್ಬ ಕೊಲ್ಲುವ ನಮ್ಮ ಅಭ್ಯಾಸಗಳು

ಆ ಎಲೆಕ್ಟ್ರಿಷಿಯನ್ ಹೇಳಿದ ನಾಲ್ಕು ಮಾತು ಬರೆಯುವುದು ಬಾಕಿ ಇದೆ. ಹಳೇ ಕಾಲದ ಡ್ರೈವರುಗಳು ಡೈನಮೋ ಚಾರ್ಜ್ ಕೊಡುತ್ತಿದೆಯೋ ನೋಡಲು ಇಂಜಿನ್ ಓಡುವಾಗಲೇ ಬ್ಯಾಟರಿ ವೈರು ಕಿತ್ತು ನೋಡುತ್ತಿದ್ದರು. ನಾನೂ ಮಾಡಿದ್ದೇನೆ. ಹಾಗೆ ಕಿತ್ತಾಗ ಡೈನಮೋದಿಂದ ಒಮ್ಮೆಲೇ ಹಲವು ಪಟ್ಟು ವೋಲ್ಟೇಜು ನುಗ್ಗುತ್ತದೆ. ಮೈಕೋ ಪಂಪಿನ ಗಾಡಿಯಲ್ಲಿ ಹೆಚ್ಚೆಂದರೆ ಬಲ್ಬು ಹೋಗುತ್ತಿತ್ತು, ಇದರಲ್ಲಿ ಮಿದುಳೇ ಹೋಗುತ್ತದೆ.

ಹಿಂದಿನ ಡಾಲಾಕ್ಕೆ ಹುಲ್ಲು, ಹೊಟ್ಟು ಹೇರಲು ಕಬ್ಬಿಣದ ಪಟ್ಟಿ ವೆಲ್ಡಿಂಗ್ ಮಾಡಿಸುತ್ತೇವೆ. ಮೊದಲು ಬ್ಯಾಟರಿಯ ಎರಡೂ ವೈರು ತೆಗೆಸಿ. ಆದರೆ ಡಬ್ಬದ ಸಾಕೆಟ್ಟೂ ಬಿಚ್ಚಿಸಿ. ವೆಲ್ಡಿಂಗಿನ ಅರ್ಥಿಂಗ್ ಹಿಡಿಕೆಯನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು, ಚಾಸಿಯ ಇನ್ನೊಂದು ತುದಿಗಲ್ಲ. ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರು ಕೊಟ್ಟು ಎಬ್ಬಿಸುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಅದೇ ಕೊನೆ. ಕತ್ತಲಲ್ಲಿ ಆ ಕೆಲಸ ಮಾಡಬೇಡಿ.

ಇಲಿಯ ಬಗ್ಗೆ ಎಲ್ಲರಿಗೂ ಗೊತ್ತು. ಶೇಂಗಾ ಚೀಲದ ಪಕ್ಕ ಗಾಡಿ ನಿಲ್ಲಿಸಿದರೆ ಬೆಚ್ಚಗಿರುವ ಇಂಜಿನ್ನಿಗೇ ಬಂದು ಗೂಡು ಕಟ್ಟುತ್ತದೆ.

ಮುಂದಿನ ವರ್ಷದ ಆಯುಧಪೂಜೆಗೆ ಮಗ ಒದ್ದೆ ಬಟ್ಟೆಯಲ್ಲಿ ಇಂಜಿನ್ ಒರೆಸಿದ, ಪೈಪು ಮುಟ್ಟಲಿಲ್ಲ. ಸಾಕೆಟ್ಟಿನ ರಬ್ಬರು ಹೊಸದು ಹಾಕಿಸಿದ್ದೇವೆ. ಗುಜರಿಯಿಂದ ತಂದ ಆ ತಪ್ಪು ನಂಬರಿನ ಡಬ್ಬ ಇನ್ನೂ ನಮ್ಮ ಅಟ್ಟದ ಮೇಲೆ, ಬಿತ್ತನೆ ಜೋಳದ ಗಡಿಗೆಯ ಪಕ್ಕ ಕೂತಿದೆ. ಯಾರದಾದರೂ ಗಾಡಿಗೆ ಅದರ ಹತ್ತು ಅಂಕಿ ಹೊಂದಿದರೆ ಬಂದು ಒಯ್ಯಬಹುದು. ಕೀಲಿಯ ಗುಟ್ಟು ಮಾತ್ರ ನಿಮ್ಮದೇ ಬರೆಸಿಕೊಳ್ಳಬೇಕು.